ಹೊಳೆಯ ಕೈಯಲ್ಲಿ ಕಳಿಸಿದ ಕುಬುಸ

ಸತ್ಯನಾರಾಯಣಪೇಟೆ, ಬಳ್ಳಾರಿ
೨೧–೮–೨೦೨೫

ಶ್ರೀಮತ್ ಸಕಲಗುಣಸಂಪನ್ನೆ, ಪಶ್ಚಿಮ ಸಮುದ್ರಾಧೀಶ್ವರಿ, ಕಾರವಾರ ಪುರವರೇಶ್ವರಿ, ತಮ್ಮನ ತಲೆಗೆ ಮೊಟಕುವುದರಲ್ಲಿ ಅಪ್ರತಿಮ ವೀರೆ, ಏಳು ತಿಂಗಳ ಗರ್ಭಭಾರದಿಂದ ಮಂದಗಮನೆಯೂ ಆದ ಅನಿತಕ್ಕನವರ ದಿವ್ಯ ಪಾದಗಳಿಗೆ, ಅವು ಬಾತಿವೆಯೆಂದು ಕೇಳಿದ್ದರಿಂದ ಮೆಲ್ಲಗೆ, ತಮ್ಮ ಹುಲಿಗೇಶ ಮಾಡುವ ಸಾಷ್ಟಾಂಗ ನಮಸ್ಕಾರಗಳು.

ಪತ್ರ ತಡವಾಯಿತು, ಕ್ಷಮಿಸು. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ಅಳುತ್ತೀ, ನಾನು ಹಾಸ್ಯ ಮಾಡುತ್ತೇನೆ, ಕಡೆಗೆ ಇಬ್ಬರೂ ಚಾರ್ಜ್ ಮುಗಿಯಿತೆಂದು ಸುಳ್ಳು ಹೇಳಿ ಇಟ್ಟುಬಿಡುತ್ತೇವೆ.

ಮೊನ್ನೆ ಶ್ರಾವಣ ಸೋಮವಾರ ಅವ್ವನೂ ನಾನೂ ನನ್ನ ಬೈಕಿನ ಮೇಲೆ ವಿಹಾರ ಹೊರಟೆವು. ಅಪ್ಪನಿಗೆ ಹೇಳಿದ್ದು ಕುರುಗೋಡಿನ ದೊಡ್ಡಬಸಪ್ಪನ ದರ್ಶನ ಎಂದಷ್ಟೇ. ನೀನು ಮಾತು ಮೀರಿ ಮದುವೆಯಾದ ದಿನ “ನೀ ಆಕೀ ಮನಿ ಹೊಸ್ತಿಲಾ ತುಳಿದ್ರ ನನ್ನ ಮ್ಯಾಲಾಣಿ” ಎಂದು ಅವ್ವನಿಗೆ ಹೇಳಿದ್ದನಲ್ಲ, ಆ ಆಣೆಯನ್ನು ಅಪ್ಪ ಇವತ್ತಿಗೂ ತನ್ನ ಹಳೆಯ ಸೈಕಲ್ಲಿನಂತೆ ಒರೆಸಿ ಇಟ್ಟುಕೊಂಡಿದ್ದಾನೆ. ತಾನೂ ಹತ್ತುವುದಿಲ್ಲ, ಯಾರಿಗೂ ಕೊಡುವುದಿಲ್ಲ.

ಮೊದಲು ಬ್ರೂಸ್‌ಪೇಟೆ. ಅವ್ವ ಹಸಿರು ಗಾಜಿನ ಬಳೆ ಕೇಳಿದಳು. ಅಂಗಡಿಯ ವಿರೂಪಮ್ಮ ಅಳತೆ ನೋಡಲು ಅವಳ ಕೈ ಹಿಡಿದರೆ ಹಿಂದಕ್ಕೆಳೆದುಕೊಂಡಳು.

“ನನಗಲ್ಲ, ಮಗಳಿಗೆ. ಬಸುರಿ ಕೈ ಬಾತಿರ್ತಾವ, ಒಂದಳತಿ ದೊಡ್ಡವು ಕೊಡು.”

“ಉಡಿ ತುಂಬೋ ಕುಬುಸಾ ಯಾವಾಗ ಇಟ್ಕಂಡೀರಿ?”

“ಇವತ್ತ” ಎಂದಳು ಅವ್ವ. ನಿನ್ನ ಕುಬುಸದ ದಿನ ನನಗೂ ಆಗಲೇ ಗೊತ್ತಾದದ್ದು.

ಬಳೆಯ ಜೊತೆಗೆ ಹಸಿರು ಸೀರೆ, ಒಂದು ಮೊರ. ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಅವ್ವ ಹಿಂದೆ ಕೂತಳು. ಅಂಬಾರಿ ಹೊತ್ತ ಆನೆಯ ಗಾಂಭೀರ್ಯದಿಂದ ಬೈಕು ಕುರುಗೋಡು ಮುಟ್ಟಿತು. ಕಲ್ಲಿನ ನಂದಿ ದೊಡ್ಡಬಸಪ್ಪ ಕೂತಲ್ಲೇ ಕೂತಿದ್ದ. “ಅಪ್ಪನಂಗ ಅದಾನವ್ವಾ, ಎಲ್ಲಾ ಕೇಳ್ತಾನ, ಎದ್ದು ಮಾತ್ರ ಬರಂಗಿಲ್ಲ” ಎಂದೆ. ಬೆನ್ನಿಗೊಂದು ಬಿತ್ತು. ಆಮೇಲೆ ವಗ್ಗಾಣಿ, ಮಿರ್ಚಿ ತಿನ್ನುವಾಗ, ಸೀರೆ ಬಳೆ ಕೊರಿಯರ್ ಮಾಡೋಣ ಎಂದು ಸಲಹೆ ಕೊಟ್ಟೆ.

“ಉಡಿ ಕೈಯಾರೆ ತುಂಬಬೇಕಲೇ. ಪಾರ್ಸಲ್ ಕಟ್ಟಸಾಕ ಅದೇನ್ ಮಿರ್ಚಿಯೇನು?”

“ಮತ್ತ ಹೆಂಗವ್ವಾ? ಆಣಿ ಐತಲ್ಲ?”

“ಸಿರುಗುಪ್ಪಕ್ಕ ನಡಿ. ಹೊಳಿ ತುಂಬೇತಂತ.”

ಹೊಳೆ ದಡ ಮುಟ್ಟಿ ಹರಿಯುತ್ತಿತ್ತು. ಅವ್ವ ಮೊರದಲ್ಲಿ ಸೀರೆ ಹಾಸಿ, ಬಳೆ, ಅರಿಶಿನ, ಕುಂಕುಮ, ಕಾಯಿ, ಅಕ್ಕಿ ಇಟ್ಟಳು. ನೀನೇ ಎದುರಿಗೆ ಮಣೆಯ ಮೇಲೆ ಕೂತಿರುವಂತೆ ಒಂದೊಂದಕ್ಕೂ ತಡವಾಗುತ್ತಿತ್ತು.

“ಈ ಹೊಳಿ ಸಮುದ್ರಕ್ಕ ಹೋಗ್ತೈತಿ ಹೌದಲ್ಲೋ?”

“ಹೋಗ್ತೈತವ್ವಾ.”

“ಅನಿತಾನ ಮನಿ ಸಮುದ್ರದ ದಂಡಿಗೇ ಐತಿ ಅಂದಿದ್ದಿ.”

“ಹೂನವ್ವಾ, ದಂಡಿಗೇ.”

ಮೊಣಕಾಲುದ್ದ ನೀರಿಗಿಳಿದಳು. “ಗಂಗವ್ವಾ, ಆಣಿ ಇರೋದು ನನಗ, ನಿನಗಿಲ್ಲ. ನನ ಮಗಳ ಉಡಿಗಿ ಹಾಕಿ ಬಾ” ಎಂದು ಮೊರ ಬಿಟ್ಟಳು. ಅದು ಒಂದು ಸುತ್ತು ತಿರುಗಿ ನಡುನೀರಿಗೆ ಸೇರಿತು. ಕಣ್ಮರೆಯಾಗುವವರೆಗೂ ನಿಂತಿದ್ದು, ನನ್ನ ಕಡೆ ತಿರುಗಿ, “ಹಸಿವಾತಲೇ, ಏನರ ಸಿಹಿ ತಿನ್ನಸು” ಎಂದಳು. ಬಸ್ ನಿಲ್ದಾಣದ ಹತ್ತಿರ ಜಿಲೇಬಿ ಕೊಡಿಸಿದೆ. ನೀನು ಹೋದ ಮೇಲೆ ಅವ್ವ ಸಿಹಿ ಬಾಯಿಗಿಟ್ಟದ್ದನ್ನು ನಾನು ಅವತ್ತೇ ನೋಡಿದ್ದು.

ಮನೆಗೆ ಬಂದಾಗ ಅಪ್ಪ ಬಾಗಿಲಲ್ಲೇ ಇದ್ದ. ಅವ್ವನ ಸೀರೆಯ ಅಂಚಿನಲ್ಲಿ ಒಣಗಿದ ಉಸುಕು ನೋಡಿದ.

“ಹೊಳಿ ತುಂಬೇತೇನು?”

“ತುಂಬೇತಿ.”

ಅಷ್ಟೇ. ಊಟಕ್ಕೆ ಕೂತಾಗ ಎರಡನೇ ರೊಟ್ಟಿ ಬೇಡವೆಂದ. ಆಣೆ ಮಾತ್ರ ಹಾಗೇ ಇದೆ, ಅಕ್ಕಾ. ಇಬ್ಬರ ನಡುವೆ ಕೂತು ನಾನು ನಗೆಚಾಟಿಕೆ ಮಾಡಿದೆ, ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಹೊಟ್ಟೆಯೊಳಗಿನ ಮಹಾಪ್ರಭುಗಳಿಗೆ ಸೋದರಮಾವನ ಅಧಿಕಾರದಿಂದ ಹೇಳುವುದೇನೆಂದರೆ: ಸುಖವಾಗಿ ಬರಬೇಕು, ಅಮ್ಮನನ್ನು ಕಾಡಬಾರದು, ತಾತನ ಹಟ ತರಬಾರದು. ಭಾವನಿಗೆ ನಮಸ್ಕಾರ.

ನಿನ್ನ ಮೊಟಕು ತಿಂದು ಬೆಳೆದ,
ಹುಲಿಗೇಶ

ತಾ.ಕ.: ತುಂಗಭದ್ರೆ ನಿಮ್ಮ ಕಡೆ ಬರುವುದಿಲ್ಲ, ಅಕ್ಕಾ. ಇಲ್ಲಿಂದ ಆಂಧ್ರಕ್ಕಿಳಿದು, ಕೃಷ್ಣೆಯನ್ನು ಕೂಡಿ, ಆಚೆ ಮಗ್ಗುಲಿನ ಕಡಲಿಗೆ ಬೀಳುತ್ತದೆ. ಅವ್ವ ಮೊರ ಹಿಡಿದು ಕೇಳಿದಾಗಲೂ ನನಗದು ಗೊತ್ತಿತ್ತು. ನಿನ್ನೆ ರೊಟ್ಟಿ ಬಡಿಯುತ್ತಾ, “ಆಕಿಗಿ ಮುಟ್ಟಿತಂತೇನಲೇ?” ಎಂದಳು. ಮುಟ್ಟೇತಂತ ಎಂದುಬಿಟ್ಟೆ. ಅಪ್ಪ ಇಲ್ಲದಾಗ ನನ್ನ ಫೋನಿನಿಂದ ಅವಳು ಕೇಳಿದರೆ, ನೀನೂ ಹೂಂ ಅನ್ನು.