ಪಕ್ಕದ ಮಂಚಕ್ಕೆ ಹೋದ ಹಾಲು

ಹೆಂಗಸರ ವಾರ್ಡಿನ ಹೊರಗಿನ ಬೆಂಚು
ಮಾರ್ಚ್ ೧೨, ಮಂಗಳವಾರ

ಪುಟ್ಟೀ,

ಹೇಗಿದ್ದೀಯ? ಕೆಮ್ಮು ಹೋಯಿತೇ? ಕಂಡವರಿಗೆಲ್ಲ ಊಟ ಹೇಳಿಕೊಡುವ ಓದು ಓದುತ್ತ ನೀನೇ ಹೊತ್ತಿಗೆ ಸರಿಯಾಗಿ ಉಣ್ಣುವುದಿಲ್ಲ ಎಂದು ಗೊತ್ತು. ನನ್ನ ಮಂಡಿಯ ಮಾತು ಬಿಡು. ಫೋನಿನಲ್ಲಾದರೆ ಕಿರುಚಿಬಿಡುತ್ತೇನೆ, ಅದಕ್ಕೇ ಬರೆಯುತ್ತಿದ್ದೇನೆ.

ಅಜ್ಜಿಯ ಸೊಂಟದ ಮೂಳೆ ಸರಿಯಾಗಿ ಕೂತಿದೆಯಂತೆ, ಆಪರೇಷನ್ ಗಾಯ ಮಾತ್ರ ಮಾಯುತ್ತಿಲ್ಲ. ಇಷ್ಟು ಚೆನ್ನಾಗಿ ಉಣ್ಣುವವರಿಗೆ ಯಾಕೆ ಹೀಗೆ ಎಂದು ಡಾಕ್ಟರು ತಲೆ ಕೆರೆದುಕೊಂಡರು. ಇಲ್ಲಿ ಊಟ ನೋಡಿಕೊಳ್ಳುವವರು ನಿನ್ನ ಹಾಗೆಯೇ ಕಲಿಯಲು ಬಂದ ಹುಡುಗಿಯರು. ನಮ್ಮ ಮಂಚ ಒಬ್ಬ ಉದ್ದ ಜಡೆಯವಳ ಪಾಲಿಗೆ ಬಂದಿದೆ. ಒಳ್ಳೆಯ ಹುಡುಗಿ, ಇಲ್ಲವೆನ್ನಲಾರೆ. ಬಂದವಳೇ ತೋಳು ಅಳೆಯುತ್ತಾಳೆ, ಪ್ರೋಟೀನ್ ಪುಡಿ ಕಲಸಿದ ಹಾಲು ಇಡುತ್ತಾಳೆ, ಗಾಯ ಕೂಡಿಸುವ ಶಕ್ತಿ ಇದರಲ್ಲೇ ಇದೆ ಎಂದು ಪಾಠ ಒಪ್ಪಿಸಿ ಮುಂದಿನ ಮಂಚಕ್ಕೆ ಓಡುತ್ತಾಳೆ. ತಿರುಗಿ ಬಂದು ಕುಡಿದಿರಾ ಎನ್ನುತ್ತಾಳೆ, ಅಜ್ಜಿ ಹೂಂ ಎನ್ನುತ್ತಾಳೆ, ಅವಳು ಬರೆದುಕೊಳ್ಳುತ್ತಾಳೆ. ಅವರ ಮೇಡಂ ಬಂದಾಗ ಎಲ್ಲರೂ ಸುತ್ತ ನಿಂತು ಹಾಳೆ ನೋಡುತ್ತಾರೆ. ಮಲಗಿದವಳ ಮುಖ ನೋಡುವವರಿಲ್ಲ.

ನಿನ್ನೆ ವಾಚ್‌ಮನ್ ಜೊತೆ ಜಗಳವಾಡಿ ಹೊತ್ತಲ್ಲದ ಹೊತ್ತಿನಲ್ಲಿ ಒಳಗೆ ಹೋದೆ. ನಿನ್ನ ಅಜ್ಜಿ ಆ ಹಾಲನ್ನು ಪಕ್ಕದ ಮಂಚದವಳ ಲೋಟಕ್ಕೆ ಬಗ್ಗಿಸುತ್ತಿದ್ದಳು. ಪುಡಿಯ ವಾಸನೆಗೇ ಹೊಟ್ಟೆ ತೊಳಸುತ್ತದಂತೆ. ಅದನ್ನು ಆ ಹುಡುಗಿಗೆ ಹೇಳಲು ನಿನಗೇನು ದಾಡಿ, ಬೇರೇನಾದರೂ ಕೊಡುತ್ತಿದ್ದಳಲ್ಲ ಎಂದು ರೇಗಿದೆ. ಅದಕ್ಕವಳು, "ಸುಮ್ನಿರಿ. ನಾನು ಕುಡೀಲಿಲ್ಲ ಅಂದ್ರೆ ಆ ಮಗುಗೆ ಮಾರ್ಕ್ಸ್ ಕಟ್ ಮಾಡ್ತಾರೆ. ನಮ್ಮ ಪುಟ್ಟಿ ಎಷ್ಟು ಅತ್ತಳು, ಮರೆತುಬಿಟ್ರಾ?" ಎಂದಳು.

ಮರೆತಿಲ್ಲ. ಹೋದ ರಜೆಯಲ್ಲಿ ನೀನು ಅವಳ ತೊಡೆಯ ಮೇಲೆ ತಲೆಯಿಟ್ಟು, ರೋಗಿ ಉಣ್ಣದಿದ್ದರೆ ನನಗ್ಯಾಕೆ ಮಾರ್ಕ್ಸ್ ಕಳೆಯಬೇಕು ಎಂದು ಗೋಳಾಡಿದ್ದೆ. ಆ ರೋಗಿ ಬದುಕಿದನೋ ಸತ್ತನೋ ನೀನು ಹೇಳಲೂ ಇಲ್ಲ, ನಾವು ಕೇಳಲೂ ಇಲ್ಲ.

ಜಡೆಯವಳಿಗೆ ನಾನೇ ಹೇಳಿ ನೋಡಿದೆ. ಅಜ್ಜಿ ನಗುತ್ತ, "ಅವರಿಗೆ ಅರಳುಮರಳು ಕಣಮ್ಮ" ಎಂದಳು. ಹುಡುಗಿ ನಂಬಿದ್ದು ಅವಳನ್ನೇ. ಖಾಲಿ ಲೋಟ ಎದುರಿಗೇ ಇತ್ತಲ್ಲ.

ನಿನ್ನನ್ನು ಬಯ್ಯುವುದಕ್ಕೆ ಬರೆಯಲಿಲ್ಲ, ಆದರೂ ಬಯ್ದಂತಾಯಿತು. ನನ್ನ ಬಾಯಿ ಕೆಟ್ಟದ್ದು, ಹಾರೈಕೆ ಕೆಟ್ಟದ್ದಲ್ಲ. ಚೆನ್ನಾಗಿರು.

ನಿನ್ನ ಅಜ್ಜ

ಅಂಚೆಗೆ ಹಾಕುವ ಮುಂಚೆ: ಮುಂದಿನ ವಾರ ಗಾಯವನ್ನು ಮತ್ತೆ ಕೊಯ್ಯುತ್ತಾರಂತೆ. ಈ ಮೈ ಅದನ್ನು ತಡೆದುಕೊಳ್ಳುವುದು ಕಷ್ಟ ಎಂದು ಡಾಕ್ಟರು ನನ್ನನ್ನು ಹೊರಗೆ ಕರೆದು ಹೇಳಿದರು. ಕಾಗದ ಕೈಸೇರಿದ ಕೂಡಲೇ ಅಜ್ಜಿಗೆ ಫೋನ್ ಮಾಡು. ರೋಗಿ ಉಣ್ಣಲಿಲ್ಲ ಎಂದರೆ ಯಾರ ಮಾರ್ಕ್ಸೂ ಹೋಗುವುದಿಲ್ಲ ಎನ್ನು. ಸುಳ್ಳಾದರೂ ಸರಿ, ನೀನು ಹೇಳಿದರೆ ನಂಬುತ್ತಾಳೆ.