ಅಪ್ಪ ಬಿಟ್ಟ ಎರಡು ಗುಂಡಿ

ಫೆಬ್ರವರಿ 3

ದಿಬ್ಬದ ಅಗೆತದಲ್ಲಿ ಎರಡು ಚೌಕ ಮುಗಿಯಿತು. ಕಲ್ಲಿನ ಚಕ್ಕೆ ನಲವತ್ತೊಂದು, ಸುಟ್ಟ ಮೂಳೆಯ ಚೂರು ಮೂರು. ಮಣ್ಣು ಜರಡಿ ಹಿಡಿಯುವ ಜರಡಿಯಮ್ಮನಿಗೆ ಬೆನ್ನುನೋವು, ಆದರೂ ಒಂದು ಚೂರೂ ತಪ್ಪಿಸುವುದಿಲ್ಲ. ರಸ್ತೆಯ ಇಂಜಿನಿಯರ್ ಮತ್ತೆ ಬಂದಿದ್ದರು. ಮಾರ್ಚ್ ಹತ್ತಕ್ಕೆ ಬುಲ್ಡೋಜರ್ ಅಂತೆ. ಅಷ್ಟರೊಳಗೆ ಅಗೆದು, ಅಳೆದು, ವರದಿ ಕೊಟ್ಟು ಜಾಗ ಖಾಲಿ ಮಾಡಬೇಕು. ಹತ್ತು ಸಾವಿರ ವರ್ಷ ಕಾದ ದಿಬ್ಬ, ಅವರಿಗೆ ಐದು ವಾರಕ್ಕಿಂತ ಹೆಚ್ಚು ತಡೆಯಲಾಗದು.

ಸಂಜೆ ಮನೆ. ಅಪ್ಪ ಮೂಗಿಗೆ ಆಕ್ಸಿಜನ್ ನಳಿಕೆ ಹಾಕಿಕೊಂಡು, ದಿಂಬಿಗೆ ಒರಗಿ ಕಾಯುತ್ತಿದ್ದರು. ಮೂವತ್ತೆರಡು ವರ್ಷದ ಹಿಂದೆ ಇದೇ ದಿಬ್ಬ ಅಗೆದದ್ದು ಅವರೇ. ಕಂಬ ನೆಟ್ಟಂತಿದ್ದ ಆರು ಗುಂಡಿ ಕಂಡಿದ್ದರು. ಕಂಬ ಇದ್ದರೆ ಗುಡಿಸಲು, ಗುಡಿಸಲಿದ್ದರೆ ನೆಲೆನಿಂತ ಜನ. ಬೇಟೆಯಾಡುತ್ತ ಅಲೆಯುತ್ತಿದ್ದವರು ಇಲ್ಲಿ ಮನೆ ಕಟ್ಟಿ ಉಳಿದರು ಎಂದು ಪುಸ್ತಕ ಬರೆದರು. ಬರೆದದ್ದು ಅದೊಂದೇ. ನಾಲ್ಕು ಗುಂಡಿ ಅಗೆದು ಎರಡನ್ನು ಮುಟ್ಟದೆ ಬಿಟ್ಟರು — ಮುಂದೆ ಬರುವವರು ಹೊಸ ಕಣ್ಣಿನಿಂದ ನೋಡಲಿ ಅಂತ. ನಮ್ಮ ಕೆಲಸದಲ್ಲಿ ಹಾಗೆ ಬಿಡುವುದು ರೂಢಿ. ಮುಂದೆ ಬಂದವಳು ನಾನೇ.

"ಆ ಎರಡು ಸಿಕ್ತಾ?" ದಿನವೂ ಇದೇ. ಮಾತ್ರೆ ನುಂಗಿದಿರಾ ಎಂದರೆ ಕಿವಿ ಕೇಳಿಸುವುದಿಲ್ಲ.

ಫೆಬ್ರವರಿ 9, ಮಧ್ಯಾಹ್ನ

ಸಿಕ್ಕವು. ಅಪ್ಪನ ನಕ್ಷೆಯಲ್ಲಿದ್ದ ಜಾಗದಲ್ಲೇ, ಒಂದು ಬೆರಳಿನಷ್ಟೂ ಆಚೀಚೆ ಇಲ್ಲ. ಮೊದಲನೆಯದರ ಅರ್ಧ ಮಾತ್ರ ಅಗೆದೆ, ಒಳಗಿನ ಆಕಾರ ಬದಿಯಿಂದ ಕಾಣಲಿ ಅಂತ. ಒಂದು ಗೇಣು ನೆಟ್ಟಗೆ ಇಳಿಯಿತು. ಆಮೇಲೆ ಬಲಕ್ಕೆ ತಿರುಗಿತು.

ಕಂಬದ ಗುಂಡಿ ತಿರುಗುವುದಿಲ್ಲ.

ಎರಡನೆಯದು ಎಡಕ್ಕೆ ತಿರುಗಿತು. ಎರಡೂ ಒಳಗೆ ಕೂಡಿಕೊಂಡಿವೆ. ಕೂಡಿದ ಕಡೆ ಕಡಿದ ಬೀಜದ ಸಿಪ್ಪೆ. ಹೆಗ್ಗಣದ ಬಿಲ. ಆ ಕಾಲದಲ್ಲಿ ಮೇಲಿನಿಂದ ಮಣ್ಣು ತೋಡುತ್ತಿದ್ದರು, ಯಾರೂ ಬದಿಯಿಂದ ಸೀಳಿ ನೋಡುತ್ತಿರಲಿಲ್ಲ. ಅಪ್ಪನೂ ಆ ನಾಲ್ಕನ್ನು ಗೇಣುದ್ದ ತೋಡಿ, ಕಂಬ ಅಂದುಕೊಂಡು ನಿಲ್ಲಿಸಿದ್ದಾರೆ; ಅವುಗಳ ತಳವೂ ಪಕ್ಕಕ್ಕೆ ತಿರುಗಿದೆ. ಊಟ ಮಾಡಲಿಲ್ಲ.

ಅದೇ ದಿನ, ಸಂಜೆ

ಸುಳ್ಳು ಹೇಳಿದೆ. ಕಂಬದ ಗುಂಡಿಯೇ ಅಪ್ಪ, ಎರಡೂ, ಅಂದೆ.

ಅವರ ಮುಖ ಅರಳಿತು. ತಳ ಹೇಗಿತ್ತು ಎಂದರು. ಚಪ್ಪಟೆ ಅಂದೆ. ಕಂಬ ಅಲ್ಲಾಡದಂತೆ ಕಲ್ಲು ಒತ್ತಿದ್ದರಾ? ಮೂರು ಕಲ್ಲು, ಅಂದೆ. ಅಗಲ? ಮೇಲೆ ಹದಿನೆಂಟು ಸೆಂಟಿಮೀಟರ್, ಕೆಳಗೂ ಹದಿನೆಂಟು. ಒಂದು ಸುಳ್ಳಿಗೆ ಇನ್ನೊಂದು ಪೋಣಿಸುತ್ತ ಹೋದೆ. ಅಪ್ಪ ಕೈ ಎತ್ತಿ ತಡೆದರು.

"ನಿಜವಾದ ಗುಂಡಿ ಇಷ್ಟು ಚೆನ್ನಾಗಿರಲ್ಲ ಮಗಳೇ. ಏನು ಸಿಕ್ತು, ಹೇಳು."

ಹೇಳಿದೆ. ಗೋಡೆಯ ಕಡೆ ತಿರುಗಿ ಮಲಗಿದರು. ಅವರನ್ನು ನೋಡಿಕೊಳ್ಳುವ ನನ್ನ ಅಕ್ಕ ಅಡುಗೆಮನೆಗೆ ಕರೆದು ಚೆನ್ನಾಗಿ ಬೈದಳು. ಸುಳ್ಳು ಹೇಳಿದ್ದಕ್ಕಲ್ಲ, ಅದನ್ನಾದರೂ ನೆಟ್ಟಗೆ ಹೇಳಲು ಬರಲಿಲ್ಲ ಎಂದು.

ಫೆಬ್ರವರಿ 12

ಮೂರು ದಿನದಿಂದ ಮಾತಿಲ್ಲ. ಇವತ್ತು ಅವರೇ ಕೇಳಿ ಬಿಲದ ಚಿತ್ರ ತರಿಸಿಕೊಂಡರು. ಭೂತಗನ್ನಡಿ ಹಿಡಿದು ಅರ್ಧ ಗಂಟೆ ನೋಡಿದರು. ನನಗೆ ಎಲ್ಲಿ ಕೂರಬೇಕೋ ತಿಳಿಯಲಿಲ್ಲ.

ಹಾಗಾದರೆ ಆ ಜನ ಅಲ್ಲಿ ಎಷ್ಟು ದಿನ ಇದ್ದರು, ಎಂದು ಕೇಳಿದರು. ಒಂದೇ ಒಲೆ ಅಪ್ಪ, ಅಂದೆ. ಬೂದಿ ಒಂದು ಬೆರಳು ದಪ್ಪ, ಒಂದೇ ಪದರ. ಬಂದರು, ಬೆಂಕಿ ಹಾಕಿದರು, ಕಲ್ಲು ಚೂಪು ಮಾಡಿಕೊಂಡರು, ಹೋದರು. ಹೆಚ್ಚೆಂದರೆ ಮೂರು ರಾತ್ರಿ.

"ಮೂರು ರಾತ್ರಿ... ನಾನು ಮುನ್ನೂರು ವರ್ಷ ಅಂತ ಬರೆದೆ."

ನಕ್ಕರು. ನಗು ಕೆಮ್ಮಾಯಿತು. ಅಕ್ಕ ಓಡಿ ಬಂದಳು. ಉಸಿರು ತಹಬಂದಿಗೆ ಬಂದ ಮೇಲೆ ನನ್ನ ಕೈ ಹಿಡಿದುಕೊಂಡರು.

"ನಿನ್ನ ವರದಿ ಜೊತೆ ನನ್ನ ಪುಸ್ತಕದ ತಿದ್ದುಪಡಿ ನನ್ನ ಹೆಸರಲ್ಲೇ ಹೋಗ್ಲಿ. ನೀನು ಬರಿ, ನಾನು ಸಹಿ ಹಾಕ್ತೀನಿ. ಬೇರೆಯವರು ಹೇಳೋದಕ್ಕೆ ಮುಂಚೆ ನಾನೇ ತಪ್ಪು ಅಂತ ಹೇಳ್ಬೇಕು."

ನಾಳೆ ಬರೆಯುತ್ತೇನೆ ಅಂದೆ.

ಫೆಬ್ರವರಿ 15

ಬರೆದಿಲ್ಲ. ಮಣ್ಣಿನ ಸ್ಯಾಂಪಲ್, ಲೇಬಲ್, ಫೋಟೋ... ಎಲ್ಲ ನೆಪ. 'ನನ್ನ ಪುಸ್ತಕದ ಮುಖ್ಯ ವಾದ ತಪ್ಪು' ಎಂಬ ಸಾಲನ್ನು ಅವರ ಬಾಯಿಗೆ ಹಾಕಲು ಕೈ ಬರುತ್ತಿಲ್ಲ. ಈಗ ಪ್ರಶ್ನೆ ಬದಲಾಗಿದೆ. ಮೆಟ್ಟಿಲು ಹತ್ತುವಾಗಲೇ "ಬರೆದ್ಯಾ?"

ಫೆಬ್ರವರಿ 18

ಒಲೆಯ ಪಕ್ಕ ಚಕ್ಕೆಗಳ ರಾಶಿ, ಅರ್ಧಚಂದ್ರದ ಹಾಗೆ. ನಡುವೆ ಬರೀ ನೆಲ, ಒಬ್ಬರು ಕಾಲು ಚಾಚಿ ಕೂರುವಷ್ಟು. ಕೂತು ಕಲ್ಲು ಒಡೆದಿದ್ದಾರೆ, ಚೂರು ಸುತ್ತ ಬಿದ್ದಿವೆ. ಜರಡಿಯಮ್ಮ ತುಂಬ ಹೊತ್ತು ನೋಡುತ್ತ ನಿಂತಳು. ಈಗಷ್ಟೇ ಎದ್ದು ಹೋದಂಗಿದೆ, ಅಂದಳು.

ಅಪ್ಪನಿಗೆ ಹೇಳಿದೆ. ಹೊದಿಕೆಯ ಮೇಲೆ ಬೆರಳಿನಲ್ಲಿ ಬರೆದು ತೋರಿಸು ಎಂದರು. ಎಡಗೈಯವರಾ, ಬಲಗೈಯವರಾ ಎಂದು ಕೇಳಿದರು. ಅವರನ್ನು ಇಷ್ಟು ಖುಷಿಯಾಗಿ ನೋಡಿ ತಿಂಗಳಾಗಿತ್ತು. ಆಮೇಲೆ ಮತ್ತೆ ಅದೇ — "ಬರೆದ್ಯಾ?" ನಾಳೆ ಅಪ್ಪ.

ಫೆಬ್ರವರಿ 20, ಬೆಳಿಗ್ಗೆ 11

ಬರೆದೆ! ನಾಲ್ಕೇ ಸಾಲು. ಇಷ್ಟಕ್ಕೆ ಇಷ್ಟು ದಿನ. ಪ್ರಿಂಟ್ ತೆಗೆದು ಚೀಲದಲ್ಲಿಟ್ಟುಕೊಂಡಿದ್ದೇನೆ. ಸಂಜೆ ಸಹಿ. ಅಕ್ಕನ ಫೋನ್ ಬರುತ್ತಿದೆ

ಮಾರ್ಚ್ 4

ಅವತ್ತು ನಾನು ಮನೆ ಮುಟ್ಟುವಷ್ಟರಲ್ಲಿ ಅಪ್ಪನ ಉಸಿರು ನಿಂತಿತ್ತು. ನಾನು ಚೀಲ ಹೆಗಲಿನಿಂದ ಇಳಿಸಿರಲೇ ಇಲ್ಲವಂತೆ, ಅಕ್ಕನೇ ತೆಗೆದಿಟ್ಟಳಂತೆ.

ಇವತ್ತು ಅವಳು ಹೇಳಿದಳು. ಆ ಬೆಳಿಗ್ಗೆ ಅಪ್ಪ ಪೆನ್ನು ಕೇಳಿದ್ದರು. ಕೈ ನಡುಗುತ್ತೆ, ಅಭ್ಯಾಸ ಇರಲಿ ಅಂತ ಪೇಪರಿನ ಅಂಚಿನಲ್ಲಿ ಆರೇಳು ಸಲ ಸಹಿ ಹಾಕಿ ನೋಡಿದರಂತೆ. ಆ ಪೇಪರ್ ಎಲ್ಲಿ ಎಂದೆ. ರದ್ದಿಗೆ ಹೋಯಿತು ಕಣೇ, ನನಗೇನು ಗೊತ್ತು, ಎಂದು ಅತ್ತಳು. ನಾನೂ ಅತ್ತೆ.

ಮಾರ್ಚ್ 9

ನಾಳೆ ಬುಲ್ಡೋಜರ್. ವರದಿ ಇವತ್ತೇ ಹೋಗಬೇಕು. ಸಹಿ ಇಲ್ಲದ ತಿದ್ದುಪಡಿ ಅವರ ಹೆಸರಲ್ಲಿ ಹೋಗುವಂತಿಲ್ಲ ಎಂದರು ಆಫೀಸಿನಲ್ಲಿ. ನಿಮ್ಮ ಹೆಸರಲ್ಲಿ ಕೊಡಿ, ವಿಷಯ ಒಂದೇ ತಾನೇ, ಅಂದರು ಹಿರಿಯ ಅಧಿಕಾರಿ. ಒಂದೇ ಅಲ್ಲ. ಅಪ್ಪ ಹೋಗುವುದನ್ನೇ ಕಾದು ಮಗಳು ತಪ್ಪು ಎತ್ತಿದಳು ಎಂದು ಓದುತ್ತಾರೆ. ಅದು ಹೋಗಲಿ, ನನ್ನನ್ನು ಏನಾದರೂ ಅನ್ನಲಿ. ತಪ್ಪು ಗೊತ್ತಾಗದೆಯೇ ಹೋದರು ಎಂದು ಅವರ ಬಗ್ಗೆ ಓದುತ್ತಾರಲ್ಲ, ಅದನ್ನು ತಡೆಯಲಾರೆ.

ಅಪ್ಪನ ಸಹಿ ನನಗೆ ಬರುತ್ತದೆ. ಶಾಲೆಯ ಮಾರ್ಕ್ಸ್ ಕಾರ್ಡಿನ ಕಾಲದಿಂದಲೂ. ಪೆನ್ನು ಕಾಗದಕ್ಕೆ ತಾಗಿಸಿಯೂ ಬಿಟ್ಟೆ. ಆಗಲಿಲ್ಲ. ಹಾಳೆ ಹರಿದು ಬೇರೆ ತೆಗೆದುಕೊಂಡೆ. ಮೊದಲು ಇಲ್ಲಿ ಬರೆದು ನೋಡುತ್ತೇನೆ.

ತಿದ್ದುಪಡಿ. ಈ ಆರು ಗುಂಡಿಗಳು ಕಂಬದವಲ್ಲ, ಹೆಗ್ಗಣದ ಬಿಲಗಳು. ಇಲ್ಲಿ ಜನ ಕೆಲವೇ ದಿನ ತಂಗಿದ್ದರು. ಇವನ್ನು ಕಂಬದ ಗುಂಡಿ ಎಂದು ಬರೆದವರು ನನ್ನ ತಂದೆ. ಅದು ತಪ್ಪೆಂದು ಮೊದಲು ಒಪ್ಪಿಕೊಂಡವರೂ ಅವರೇ, ಫೆಬ್ರವರಿ ಹನ್ನೆರಡರಂದು. ಅವರ ಸಹಿ ಇಲ್ಲಿಲ್ಲದಿರುವುದಕ್ಕೆ ಕಾರಣ, ನಾನು ಎಂಟು ದಿನ ನಾಳೆ ನಾಳೆ ಎಂದು ತಡಮಾಡಿದ್ದು.