ಸಂಘದ ಕೆಂಪು ಗಿಟಾರ್

ಮಾರ್ಚ್ 3, ಮಧ್ಯಾಹ್ನ

ಆಸ್ಪತ್ರೆ ಲಾಂಡ್ರಿ. ಮೂವತ್ತು ಮೂಟೆ ಬೆಡ್‌ಶೀಟ್ ಒಗೆದೆ. ಊಟದ ಹೊತ್ತಿಗೆ ಗೇಟ್ ಮೀಟಿಂಗ್. ಕೆಲಸದಿಂದ ಕಿತ್ತುಹಾಕಿದ ನಾಲ್ವರು ಹೆಂಗಸರನ್ನ ವಾಪಸ್ ತಗೊಳ್ಳಿ ಅನ್ನೋಷ್ಟರಲ್ಲಿ ಮ್ಯಾನೇಜರ್ ಸ್ಪೀಕರಿನಲ್ಲಿ ಜೋರಾಗಿ ಕೊಳಲಿನ ಸಂಗೀತ ಬಿಟ್ಟ. ರೋಗಿಗಳ ಮನಶ್ಶಾಂತಿಗಂತೆ. ಎರಡು ವಾರದಿಂದ ಇದೇ. ನಮ್ಮ ಘೋಷಣೆ ನಮಗೇ ಕೇಳಿಸಲ್ಲ.

ಸಂಘದ ಸಮಿತಿ ಕೂತಿತು. ಅಧ್ಯಕ್ಷೆ ಅಕ್ಕ: "ಅವನಿಗೆ ಕೊಳಲಿದ್ರೆ ನಮಗೂ ಒಂದು ಗಿಟಾರ್ ಬೇಕು. ಯಾರು ಕಲೀತೀರಿ?" ಎಲ್ಲರೂ ತಲೆ ತಗ್ಗಿಸಿದರು. ನಾನು ಸೀನಿದೆ. ಅವಿರೋಧ ಆಯ್ಕೆ.

ಮಾರ್ಚ್ 4

ಅಂಗಡಿಯವ: "ನೈಲಾನ್ ತಂತಿಯ ಕ್ಲಾಸಿಕಲ್ಲಾ, ಸ್ಟೀಲ್ ತಂತಿಯ ಅಕೌಸ್ಟಿಕ್ಕಾ, ಎಲೆಕ್ಟ್ರಿಕ್ಕಾ?"

"ಜೋರಾಗಿ ಕೇಳಿಸೋದು ಯಾವುದು?"

"ಎಲೆಕ್ಟ್ರಿಕ್."

ಕೆಂಪು ಬಣ್ಣದ್ದೂ ಇತ್ತು. ಮತ್ತೇನು ಚರ್ಚೆ.

ಮನೆಗೆ ತಂದು ಮೀಟಿದೆ. ಗಂಡ ಪೇಪರಿನಿಂದ ತಲೆಯೆತ್ತದೆ ಅಂದ: "ಸೊಳ್ಳೆ ಬಂದಿದೆ, ಕಿಟಕಿ ಹಾಕು."

ಮಾರ್ಚ್ 5

ಅಂಗಡಿಗೆ ಜಗಳಕ್ಕೆ ಹೋದೆ.

"ಆಂಪ್ಲಿಫೈಯರ್ ಇಲ್ದೆ ಇದು ಬರೀ ಹಲಗೆ ಅಮ್ಮ. ಅಕೌಸ್ಟಿಕ್ ಆದ್ರೆ ಹೊಟ್ಟೆ ಟೊಳ್ಳು, ತಾನೇ ಮೊಳಗುತ್ತೆ."

"ನಿನ್ನೆ ನಿನ್ನ ಬಾಯಿಗೇನಾಗಿತ್ತು?"

"ನೀವು ಕೇಳಿದ್ದು ಜೋರಿಂದು."

ಪಾಪಪ್ರಜ್ಞೆಗೆ ಕಲಿಸೋಕೂ ಒಪ್ಪಿದ. ಫೋಕ್, ರಾಕ್, ಬ್ಲೂಸ್... ಯಾವ ಶೈಲಿ ಅಂದ. ಬ್ಲೂಸ್ ಅಂದ್ರೆ? ಹೊಲದಲ್ಲಿ ದುಡಿದು ಬೆಂದೋರ ಹಾಡು, ಮೂರೇ ಕಾರ್ಡ್ — ಬೆರಳಿಡೋ ರೀತಿ ಮೂರೇ. "ಅವರಿಗೆ ಸಂಘ ಇತ್ತಾ?" ಗೊತ್ತಿಲ್ಲವಂತೆ. ಮೇಷ್ಟ್ರ ಗತಿ ಇದು.

ಮಾರ್ಚ್ 17

ಬರೆಯೋಕೆ ಬೆರಳೇ ಇರಲಿಲ್ಲ. ಇಪ್ಪತ್ತು ವರ್ಷ ಬಿಸಿನೀರಿಗೆ ಬಗ್ಗದ ಬೆರಳು, ತಂತಿಗೆ ಬೊಬ್ಬೆ. ಕಾರ್ಡ್ ಒಂದೂವರೆ ಬಂದಿದೆ.

ಆಂಪ್ ಎಲ್ಲಿ ತರೋದು? ಸಮಿತಿ ಎರಡು ಗಂಟೆ ಚರ್ಚಿಸಿ ಠರಾವು ಮಾಡಿತು: ಸಂಘದ ಮೆಗಾಫೋನಿಗೇ ಸಿಕ್ಕಿಸುವುದು. ಬಾಯ್ಲರ್ ನೋಡಿಕೊಳ್ಳೋ ಅಣ್ಣ ವೈರ್ ಸುತ್ತಿಕೊಟ್ಟ. ಅಂಗಡಿಯವನಿಗೆ ಹೇಳಿದೆ. ಕಣ್ಣು ಮುಚ್ಚಿಕೊಂಡ.

ಮಾರ್ಚ್ 18, ಸಂಜೆ

ಮಧ್ಯಾಹ್ನ ಗೇಟಲ್ಲಿ ಕೊಳಲು ಶುರುವಾಯ್ತು. ಮೆಗಾಫೋನಿನ ಎದುರೇ ನಿಂತು ಬಾರಿಸಿದೆ. ಅದರ ಸದ್ದು ಗಿಟಾರಿಗೆ, ಗಿಟಾರಿನದು ಮತ್ತೆ ಅದಕ್ಕೆ — ಸುತ್ತಿ ಸುತ್ತಿ ಕಿರುಚಿತು. ಫೀಡ್‌ಬ್ಯಾಕ್ ಅಂತೆ.

ಬಾಯ್ಲರ್ ಅಣ್ಣ: "ದೂರ ಸರಿ ತಾಯಿ, ನಿಲ್ಲುತ್ತೆ."

ಅಧ್ಯಕ್ಷೆ ಅಕ್ಕ: "ಕದಲಿದ್ರೆ ನೋಡು."

ಕದಲಲಿಲ್ಲ. ಮ್ಯಾನೇಜರ್ ಕಿವಿ ಮುಚ್ಚಿಕೊಂಡು ಓಡಿಬಂದ. "ಏನಿದು?"

"ಬ್ಲೂಸ್, ಸರ್. ಮನಶ್ಶಾಂತಿಗೆ."

ಕೊಳಲು ನಿಂತಿತು. ಆಮೇಲೆ ಸರಿದೆ.

"ಮೂವರನ್ನ ವಾಪಸ್ ತಗೋತೀನಿ," ಅಂದ ಮ್ಯಾನೇಜರ್. "ನನ್ನ ಮೇಲೆ ದೂರು ಬರೆದವಳನ್ನ ಮಾತ್ರ ಬಿಟ್ಟುಬಿಡಿ."

ಆ ನಾಲ್ಕನೆಯವಳು ಅಲ್ಲೇ ನಿಂತಿದ್ದಳು. ಉಳಿದ ಮೂವರೂ ಅವಳ ಪಕ್ಕಕ್ಕೆ ಹೋಗಿ ನಿಂತರು. ಯಾವ ಸಮಿತಿಯೂ ಠರಾವು ಮಾಡಿರಲಿಲ್ಲ. ನಾಳೆ ಹೇಳ್ತೀನಿ ಅಂತ ಮ್ಯಾನೇಜರ್ ಒಳಗೆ ಹೋದ.

ಮಾರ್ಚ್ 19, ಮಧ್ಯಾಹ್ನ 12.50

ಗೇಟ್. ಎಲ್ಲರೂ ಬಂದಿದ್ದಾರೆ. ಮ್ಯಾನೇಜರ್ ಕಾಗದ ಹಿಡಿದು ಮೆಟ್ಟಿಲು ಇಳೀತಿದ್ದಾನೆ. ಓದ್ತಿದ್ದಾನೆ. ಒಂದು ಹೆಸರು. ಎರಡು. ಮೂರು. ಕಾಗದ ಮಡಚ್ತಿದ್ದಾನೆ... ಅಕ್ಕ ನನ್ನ ಕಡೆ ತಿರುಗಿದಳು. ಗಿಟಾರಿನ ಪ್ಲಗ್ ಎಲ್ಲಿ—